‘ಒಂದು ದಿನಕ್ಕೆ ಬಂದು ಹೋಗಿ ಮೇಡಂ’

ಈಗಷ್ಟೇ ಒಂದು ಪರಿಸರ ದಿನಾಚರಣೆ ಮುಗಿಸಿಕೊಂಡು ಬಂದೆ. ತಲೆ ಕೆಟ್ಟಿದೆ. ಉದ್ದ ಬರೆಯುತ್ತೇನೆ, ಬೇಜಾರಾದವರು ಮುಂದೆ ಹೋಗಿ.

ಗುಂಡಿ ಮೊದಲೇ ತೋಡಿಸಿಟ್ಟಿದ್ದರು. ಗಣ್ಯರು ಬಂದರು, ಸಸಿ ಇಳಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು, ಫೋಟೋ ಆಯಿತು. ಸಸಿಯ ಬುಡಕ್ಕಿದ್ದ ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚಿರಲಿಲ್ಲ. ಹೌದು, ಕವರ್ ಸಮೇತ ಮಣ್ಣು ಮುಚ್ಚಿದರು! ಬೇರು ಎಲ್ಲಿಗೆ ಹೋಗಬೇಕು? ಒಳಗೇ ಸುತ್ತು ಹಾಕಬೇಕು, ಅಷ್ಟೇ. ಹರಿದು ತೆಗೆಯೋಣ ಅಂತ ಬಗ್ಗಿದರೆ, ‘ಆಮೇಲೆ ಮಾಡಿಸ್ತೀವಿ ಬಿಡಿ ಮೇಡಂ, ಪ್ರೋಗ್ರಾಂಗೆ ಲೇಟಾಗುತ್ತೆ’ ಅಂದರು.

ಮೈಕ್‌ನವರಿಗೆ ದುಡ್ಡು ಕೊಟ್ಟರು. ಕುರ್ಚಿ ಬಾಡಿಗೆ ಕೊಟ್ಟರು. ನನಗೆ ಮಾತ್ರ ‘ನಿಮ್ಮದು ಸೇವೆ ಅಲ್ವಾ!’

ಅಲ್ಲ. ಇದು ನನ್ನ ಕೆಲಸ. ಮಕ್ಕಳ ಜೊತೆ ತೋಟ ಮಾಡುವುದು, ಅದರಿಂದ ಪರಿಸರ ಕಲಿಸುವುದು. ಇದರಿಂದಲೇ ನಾನು ಮನೆ ಬಾಡಿಗೆ ಕಟ್ಟಬೇಕು. ನಿಮಗೆಲ್ಲ ಗೊತ್ತಿರುವ ವಿಷಯ, ಆದರೂ ವರ್ಷಕ್ಕೊಮ್ಮೆ ಹೇಳಬೇಕಾಗುತ್ತದೆ.

ಒಂದು ದಿನದಲ್ಲಿ ಏನು ಕಲಿಸಲಿ? ಮೂಲಂಗಿ ಬೀಜವೇ ಮೊಳೆಯಲು ಮೂರ್ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಬೇಗ ಬರುತ್ತದೆ ಅಂತಲೇ ಚಿಕ್ಕ ಮಕ್ಕಳಿಗೆ ಮೊದಲು ಅದನ್ನು ಕೊಡುವುದು. ಕ್ಯಾರೆಟ್ ಕೊಟ್ಟರೆ ಎರಡು ವಾರ ಬರೀ ಮಣ್ಣು ನೋಡುತ್ತಾ ಕೂರಬೇಕು. ಅಷ್ಟರಲ್ಲಿ ಅರ್ಧ ಮಕ್ಕಳು ಬೀಜ ಕೆದಕಿ ನೋಡಿರುತ್ತಾರೆ.

ಮೊನ್ನೆ ನನ್ನ ಗುಂಪಿನ ಮಕ್ಕಳು ಹುರುಳಿಕಾಯಿ ಗಿಡವೊಂದನ್ನು ಬೇರು ಸಮೇತ ಎಬ್ಬಿಸಿದರು. ಬೇರಿನ ತುಂಬ ಸಣ್ಣ ಸಣ್ಣ ಗಂಟು. ಒಬ್ಬಳು ಒಂದು ಗಂಟನ್ನು ಉಗುರಿನಲ್ಲಿ ಸೀಳಿದಳು. ಒಳಗೆ ನಸುಗೆಂಪು. ‘ಗಿಡಕ್ಕೂ ರಕ್ತ ಇದೆಯಾ?’ ಎಂಥ ಪ್ರಶ್ನೆ ನೋಡಿ! ಆ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಜಾಸ್ತಿ ಆಮ್ಲಜನಕ ಸಿಕ್ಕಿದರೆ ಆ ಕೆಲಸ ಕೆಡುತ್ತದೆ. ಆಮ್ಲಜನಕವನ್ನು ಹಿಡಿತದಲ್ಲಿಡುವುದು ಆ ಕೆಂಪು ವಸ್ತು, ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದೂರದ ನೆಂಟ. ಆ ಹುಡುಗಿ ಕೇಳಿದ್ದು ಪೂರ್ತಿ ತಪ್ಪೇನಲ್ಲ. ಆದರೆ ಆ ಗಂಟು ಕಟ್ಟಿ ಕೆಂಪಾಗಲು ವಾರಗಟ್ಟಲೆ ಬೇಕು. ಫೋಟೋಗ್ರಾಫರ್ ಅಷ್ಟು ಹೊತ್ತು ಕಾಯುತ್ತಾರಾ?

‘ಒಂದು ದಿನವಾದರೂ ಜಾಗೃತಿ ಮೂಡುತ್ತೆ ಬಿಡಿ’ ಅನ್ನುವವರಿದ್ದಾರೆ. ಸರಿ, ಮೂಡುತ್ತದೆ ಅಂತಲೇ ಇಟ್ಟುಕೊಳ್ಳೋಣ. 1977ರಲ್ಲಿ ಈಗಿನ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಯುನೆಸ್ಕೋ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಪರಿಸರ ಶಿಕ್ಷಣದ ಬಗ್ಗೆಯೇ ಸಮ್ಮೇಳನ ನಡೆಸಿದವು. ಅಲ್ಲಿ ಒಪ್ಪಿದ ಗುರಿಗಳು ಐದು ಬಗೆಯವು: ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ನಿಮ್ಮ ಜಾಗೃತಿ ಅದರಲ್ಲಿ ಮೊದಲನೆಯದು ಮಾತ್ರ. ಉಳಿದ ನಾಲ್ಕಕ್ಕೆ ಯಾವಾಗ ಬರೋಣ ಸ್ವಾಮಿ? ಆ ಕವರ್ ಬಿಚ್ಚುವುದು ಕೌಶಲದ ಲೆಕ್ಕಕ್ಕೆ ಬರುತ್ತದೆ, ಹೇಳಿಬಿಡುತ್ತೇನೆ.

ಮಕ್ಕಳಿಂದ ತೋಟ ಮಾಡಿಸುವುದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ನೂ ಅಲ್ಲ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 19ನೇ ಶತಮಾನದಲ್ಲೇ ಶಿಶುವಿಹಾರದಲ್ಲಿ ಮಗುವಿಗೊಂದು ಪುಟ್ಟ ಗಿಡದ ಮಡಿ, ಎಲ್ಲರಿಗೂ ಸೇರಿ ಬೇರೆ ಮಡಿ ಇರಬೇಕು ಅಂದಿದ್ದ.

‘ನಿಮಗೆ ಮಕ್ಕಳು ಅಂದ್ರೆ ಪ್ರಾಣ ಅಲ್ವಾ’ ಅಂತಲೂ ಕೇಳುತ್ತಾರೆ. ನಿಜ ಹೇಳಲಾ? ಹಾಗೇನಿಲ್ಲ. ಮಣ್ಣಿನಲ್ಲಿ ಕೈಯಿಟ್ಟ ಮಕ್ಕಳು ಇಷ್ಟ. ಸಭೆಯಲ್ಲಿ ಸಾಲಾಗಿ ಕೂತ ಮಕ್ಕಳ ಮುಂದೆ ನನಗೆ ಮಾತೇ ಹೊರಡುವುದಿಲ್ಲ. ಗಣಿತದ ಮೇಷ್ಟ್ರಿಗೆ ಯಾರಾದರೂ ‘ಲೆಕ್ಕದ ಮೇಲಿನ ಪ್ರೀತಿಗೆ ಬನ್ನಿ, ಸಂಬಳ ಬೇಡ’ ಅನ್ನುತ್ತಾರಾ? ಅವರ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಒಪ್ಪಿಕೊಳ್ಳುತ್ತೇನೆ. ಅವರಿಗೆ ಟೈಮ್‌ಟೇಬಲ್‌ನಲ್ಲಿ ಜಾಗ ಇದೆ. ನನಗಿರುವುದು ‘ಪಾಠ ಮುಗಿದು ಟೈಮ್ ಉಳಿದರೆ’. ಟೈಮ್ ಎಂದೂ ಉಳಿಯುವುದಿಲ್ಲ. ರಜೆಯಲ್ಲಿ ತೋಟಕ್ಕೆ ನೀರು ಹಾಕುವವರೂ ಇರುವುದಿಲ್ಲ, ಗಿಡ ಒಣಗಿದ ಮೇಲೆ ದೂರು ಮಾತ್ರ ನನ್ನ ಮೇಲೆ.

ಮುಂದಿನ ವರ್ಷ ಜೂನ್ 5ಕ್ಕೆ ಕರೆಯುವವರು ಈಗಲೇ ಕೇಳಿಸಿಕೊಳ್ಳಿ. ವಾರಕ್ಕೆರಡು ಪೀರಿಯಡ್, ನೀರಿನ ನಲ್ಲಿ, ರಜೆಯಲ್ಲಿ ಗಿಡ ನೋಡಿಕೊಳ್ಳುವವರು, ತಿಂಗಳ ಸಂಬಳ. ಇಷ್ಟಿದ್ದರೆ ವರ್ಷಪೂರ್ತಿ ಬರುತ್ತೇನೆ. ಇಲ್ಲದಿದ್ದರೆ ಮೈಕ್‌ನವರನ್ನೇ ಭಾಷಣಕ್ಕೂ ಕರೆಯಿರಿ, ಅವರು ಇಷ್ಟು ವರ್ಷದಿಂದ ಎಲ್ಲರದ್ದೂ ಕೇಳಿಕೊಂಡೇ ಇದ್ದಾರೆ.