ಬಚ್ಚಲಿಗೆ ಉಪ್ಪಿನ ಪೆಟ್ಟಿಗೆ: ಬೇಕಾ, ಬೇಡ್ವಾ?

ಪರ: ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವ ಅಕ್ಕ

ಸ್ನಾನದ ನೀರಿಗೆ ಸೌದೆ ಒಲೆ ಬಿಟ್ಟು, ಶಾಖ ಹಿಡಿದಿಟ್ಟು ಬೇಕಾದಾಗ ಕೊಡುವ ಉಪ್ಪಿನ ಪೆಟ್ಟಿಗೆ ಇಡೋಣ ಅನ್ನುವುದು ನನ್ನ ವಾದ. ನಮ್ಮ ತೌರುಮನೆ ತೀರ್ಥಹಳ್ಳಿಯಿಂದ ಒಳಗೆ. ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುವುದು ಮೊದಲು ಅಮ್ಮನ ಕೆಲಸ, ಆಮೇಲೆ ನನ್ನದು, ಈಗ ತಮ್ಮನ ಹೆಂಡತಿಯದು. ತಮ್ಮ ಒಂದು ದಿನ ಹಾಕಿದ್ದನ್ನು ನಾನು ಕಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಅವನು ಕೆಳಗೆ 'ಸೌದೆ ಬಿಟ್ಟಿ ಸಿಗುತ್ತದೆ' ಅಂತ ಬರೆದೇ ಬರೆಯುತ್ತಾನೆ. ಜುಲೈ ತಿಂಗಳ ಥಂಡಿ ಹಿಡಿದ ಸೌದೆಯನ್ನು ಹೊಗೆಯಲ್ಲಿ ಕೂತು ಊದಿ ನೋಡಿದವರಿಗೆ ಗೊತ್ತು ಅದು ಎಷ್ಟು ಬಿಟ್ಟಿ ಅಂತ.

ನಾನು ಹೇಳುತ್ತಿರುವ ಉಪ್ಪು ಊಟದ್ದಲ್ಲ. ಸೋಡಿಯಂ ಅಸಿಟೇಟ್. ವಿನೆಗರ್‌ಗೆ ಅಡುಗೆ ಸೋಡಾ ಹಾಕಿ, ನೊರೆ ಇಳಿದ ಮೇಲೆ ಕುದಿಸಿ ಬತ್ತಿಸಿದರೆ ಸಿಗುವುದು ಇದೇ. ವಿಷವಲ್ಲ. ಇದರ ಹರಳಿನೊಳಗೆ ನೀರು ಸೇರಿಕೊಂಡಿರುತ್ತದೆ, ಒಂದು ಅಣು ಉಪ್ಪಿಗೆ ಮೂರು ಅಣು ನೀರು. ಕಾಯಿಸುತ್ತಾ ಹೋದರೆ 58 ಡಿಗ್ರಿಗೆ ಬಂದಾಗ ಹರಳು ತನ್ನೊಳಗಿನ ನೀರಿನಲ್ಲಿ ತಾನೇ ಕರಗುತ್ತದೆ. ಹಾಗೆ ಕರಗಲು ಕಿಲೋಗೆ ಸುಮಾರು 264 ಕಿಲೋಜೂಲ್ ಶಾಖ ನುಂಗುತ್ತದೆ, ಅಷ್ಟು ನುಂಗಿದರೂ ಬಿಸಿ ಏರುವುದಿಲ್ಲ. ಹೈಸ್ಕೂಲಿನಲ್ಲಿ ಗುಪ್ತೋಷ್ಣ ಅಂತ ಓದಿದ್ದೆವಲ್ಲ, ಅದೇ. ಮತ್ತೆ ಗಟ್ಟಿಯಾಗುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ನೀರಿನ ಲೆಕ್ಕ ನೋಡಿ: ಒಂದು ಕಿಲೋ ನೀರು 60ರಿಂದ 40ಕ್ಕೆ ಇಳಿದರೆ ಕೊಡುವುದು 84 ಕಿಲೋಜೂಲ್ ಮಾತ್ರ.

ಈಗ ಬಕೆಟ್ ಲೆಕ್ಕ. 20 ಲೀಟರ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ತರಲು ಸುಮಾರು 1,670 ಕಿಲೋಜೂಲ್ ಬೇಕು. ಅಂದರೆ ಆರೂಕಾಲು ಕಿಲೋ ಉಪ್ಪು. ಐದು ಜನರ ಮನೆಗೆ 32 ಕಿಲೋ, ಸೋರಿಕೆಗೆ ಅಂತ ಇನ್ನೊಂದಿಷ್ಟು. ಇಷ್ಟು ಉಪ್ಪು ಒಂದು ಗ್ಯಾಸ್ ಸಿಲಿಂಡರ್ ಹಿಡಿಸುವ ಜಾಗದಲ್ಲಿ ಕೂರುತ್ತದೆ. ಒಳಗೆ ನೀರು ಹರಿಯುವ ತಾಮ್ರದ ಪೈಪು, ಹೊರಗೆ ಶಾಖ ತಡೆಯುವ ಹೊದಿಕೆ ಸೇರಿಸಿದರೂ ಬಚ್ಚಲಿನ ಮೂಲೆ ಸಾಕು. ಬಿಸಿಲು ಬಂದ ದಿನ ಸೋಲಾರ್‌ನಿಂದ ತುಂಬಿಸಿ, ಇಲ್ಲದ ದಿನ ಹಗಲು ಕರೆಂಟ್ ಇದ್ದಾಗ ಎರಡೂವರೆ ಯೂನಿಟ್. ಅಡಿಕೆ ಬೇಯಿಸುವ ದಿನಗಳಲ್ಲಂತೂ ಒಲೆಯ ಪಕ್ಕ ನಿಲ್ಲಲು ಆಗದಷ್ಟು ಶಾಖ ಸುಮ್ನೆ ಗಾಳಿಗೆ ಹೋಗುತ್ತದೆ, ಅದನ್ನಾದರೂ ಹಿಡಿಯಬಾರದಾ?

ನನಗೆ ಇದರ ಹುಚ್ಚು ಹಿಡಿದದ್ದು ಬೇರೆ ಕಾರಣಕ್ಕೆ. ಕರಗಿಸಿದ ಉಪ್ಪನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತಿದ್ದೆ. ಮರುದಿನ ನೋಡಿದರೆ ಪೂರ್ತಿ ತಣ್ಣಗಾಗಿದೆ, ಆದರೂ ನೀರಾಗಿಯೇ ಇದೆ. ಒಂದು ಚಿಟಿಕೆ ಹರಳು ಉದುರಿಸಿದೆ ನೋಡಿ, ಕಣ್ಣೆದುರಿಗೇ ಬೆಳ್ಳಗೆ ಬಲೆ ನೇಯ್ದ ಹಾಗೆ ಗಟ್ಟಿಯಾಗಿ, ಡಬ್ಬಿ ಹಿಡಿಯಲಾರದಷ್ಟು ಬಿಸಿಯಾಯಿತು. ಕೈ ಬೆಚ್ಚಗಿಡುವ ಚೀಲಗಳಲ್ಲಿ ಲೋಹದ ಬಿಲ್ಲೆ ಚಟ್ ಅನ್ನಿಸಿದರೆ ಆಗುವುದೂ ಇದೇ. ಒಂದಿಷ್ಟು ಶಾಖ ತನ್ನನ್ನೇ ಬಿಸಿ ಮಾಡಿಕೊಳ್ಳಲು ಖರ್ಚಾಗುತ್ತದೆ, ಉಳಿದದ್ದು ನಮಗೆ. ಭಾನುವಾರದ ಬಿಸಿಲನ್ನು ಗುರುವಾರಕ್ಕೆ ಇಡಬಹುದು ಅಂದರೆ ಸಣ್ಣ ಮಾತಾ? ಸ್ಕಾಟ್ಲೆಂಡಿನಲ್ಲಿ ಸನಾಂಪ್ ಅನ್ನುವ ಕಂಪನಿ ಎಡಿನ್‌ಬರಾ ವಿಶ್ವವಿದ್ಯಾಲಯದವರ ಜತೆ ಸೇರಿ ಇದೇ ಉಪ್ಪನ್ನು ಹದ ಮಾಡಿ ಮನೆಗಳ ಬಿಸಿನೀರಿಗೆ ಪೆಟ್ಟಿಗೆ ಮಾಡಿತು. ಅಲ್ಲೂ ಮಳೆ, ಅಲ್ಲೂ ಥಂಡಿ.

ವಿರೋಧ: ತೋಟ ನೋಡಿಕೊಂಡಿರುವ ತಮ್ಮ

ಅಕ್ಕ ಹೇಳಿದ್ದು ನಿಜ, ಒಲೆ ನಾನು ಹಚ್ಚಿಲ್ಲ. ಹಂಡೆಗೆ ನೀರು ತುಂಬಿಸುತ್ತೇನೆ, ಅದೂ ಪಂಪಿನ ಸ್ವಿಚ್ ಒತ್ತಿ. ಆದರೆ ನನ್ನ ಸೋಮಾರಿತನಕ್ಕೂ ಉಪ್ಪಿನ ಗುಣಕ್ಕೂ ಏನು ಸಂಬಂಧ?

ಪೆಟ್ಟಿಗೆ ಶಾಖ ಇಟ್ಟುಕೊಳ್ಳುತ್ತದೆ, ಹುಟ್ಟಿಸುವುದಿಲ್ಲ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಮೋಡಕ್ಕೇನೂ ಬರ ಇಲ್ಲ. ಭಾನುವಾರ ಬಿಸಿಲೇ ಬರದಿದ್ದರೆ ಗುರುವಾರಕ್ಕೆ ಏನು ಇಡುತ್ತೀ ಅಕ್ಕಾ? ಕರೆಂಟ್ ಅಂದೆಯಲ್ಲ, ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಇಲ್ಲ. ಇದ್ದ ದಿನ ಗೀಸರ್ ಹಾಕಿದರೂ ಅದೇ ಎರಡೂವರೆ ಯೂನಿಟ್, ಅದೂ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಯವನು ಪೆಟ್ಟಿಗೆಗೆ ಯಾಕೆ ದುಡ್ಡು ಸುರಿಯುತ್ತಾನೆ? ಇನ್ನು ಅಡಿಕೆ ಬೇಯಿಸುವ ದಿನಗಳು. ಆಗ ಬಿಸಿನೀರಿಗೆ ಕೊರತೆ ಇದ್ದ ಒಂದು ಮನೆ ತೋರಿಸು.

ನೀರನ್ನು ಅಷ್ಟು ಹಗುರ ಮಾಡಬೇಡ. 200 ಲೀಟರಿನ ಒಂದು ಟ್ಯಾಂಕಿಗೆ ಒಳ್ಳೆ ಹೊದಿಕೆ ಹಾಕಿ, 60ರಿಂದ 40ಕ್ಕೆ ಇಳಿಯುವಷ್ಟು ಬಳಸಿದರೆ 64 ಕಿಲೋ ಉಪ್ಪಿನ ಕೆಲಸ ಆಯಿತು, ನಿನ್ನ 32 ಕಿಲೋದ ಎರಡರಷ್ಟು. ನೀರು ಕೆಡುವುದಿಲ್ಲ, ಪೈಪಿನ ಸುತ್ತ ಗಟ್ಟಿ ಕಟ್ಟಿಕೊಂಡು ಶಾಖ ಹೊರಗೆ ಬಿಡದೆ ಕೂರುವುದೂ ಇಲ್ಲ. ಜಾಗ ಉಳಿಯುತ್ತದೆ ಅನ್ನುತ್ತೀ, ಪಟ್ಟಣದ ಫ್ಲ್ಯಾಟಿಗೆ ಸರಿ. ನಮ್ಮ ಬಚ್ಚಲಿನಲ್ಲಿ ಎಮ್ಮೆ ಕಟ್ಟಬಹುದು.

ಎಲ್ಲಕ್ಕಿಂತ ದೊಡ್ಡ ತಕರಾರು ಉಪ್ಪಿನ ಮೇಲೇ. ಅಮೆರಿಕದ ಡೋವರ್‌ನಲ್ಲಿ 1948ರಲ್ಲಿ ಮರಿಯಾ ಟೆಲ್ಕೆಸ್ ಅನ್ನುವ ಹಂಗೇರಿ ಮೂಲದ ವಿಜ್ಞಾನಿ ಒಂದು ಮನೆ ಬರೀ ಬಿಸಿಲಿನಿಂದ ಬೆಚ್ಚಗಿರುವ ವ್ಯವಸ್ಥೆಯನ್ನು ರೂಪಿಸಿದ್ದರು. ಟನ್‌ಗಟ್ಟಲೆ ಗ್ಲಾಬರ್ ಉಪ್ಪನ್ನು, ಅಂದರೆ ಹರಳಿನೊಳಗೆ ನೀರು ಸೇರಿಕೊಂಡ ಸೋಡಿಯಂ ಸಲ್ಫೇಟನ್ನು, ಡಬ್ಬಗಳಲ್ಲಿ ತುಂಬಿ ಗೋಡೆಯ ಹಿಂದೆ ಇಟ್ಟಿದ್ದರು, ಅದು 32 ಡಿಗ್ರಿಗೆ ಕರಗುತ್ತದೆ. ಮೊದಲೆರಡು ಚಳಿಗಾಲ ಚೆನ್ನಾಗಿಯೇ ಹೋಯಿತು. ಆಮೇಲೆ ಕೆಟ್ಟಿತು. ಯಾಕಂದರೆ ಆ ಉಪ್ಪು ಕರಗುವಾಗ ಪೂರ್ತಿ ಕರಗುವುದಿಲ್ಲ, ಒಂದು ಭಾಗ ನೀರು ಬಿಟ್ಟುಕೊಟ್ಟು ತಳಕ್ಕೆ ಕೂರುತ್ತದೆ, ಎರಡು ದಿನ ಇಟ್ಟ ಮಜ್ಜಿಗೆಯ ಹಾಗೆ ಕೆಳಗೆ ಗಟ್ಟಿ, ಮೇಲೆ ತಿಳಿ. ತಣ್ಣಗಾದಾಗ ಎರಡೂ ಮತ್ತೆ ಸೇರುವುದಿಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹಾಗೆ ಬೇರೆಯಾದರೆ ಡಬ್ಬ ತುಂಬ ಉಪ್ಪಿದ್ದೂ ಕೆಲಸಕ್ಕೆ ಬರುವುದು ಅರ್ಧ. ಅಕ್ಕನ ಅಸಿಟೇಟಿಗೂ ಈ ರೋಗ ಇದೆ, ಸ್ವಲ್ಪ ಕಮ್ಮಿ. ಮದ್ದು ಇಲ್ಲ ಅನ್ನುತ್ತಿಲ್ಲ, ಗಂಜಿಯ ಹಾಗೆ ಮಂದ ಮಾಡುವ ವಸ್ತು ಬೆರೆಸುತ್ತಾರೆ, ಹರಳು ಕಟ್ಟಲು ಬೇರೊಂದು ಬೀಜ ಹಾಕುತ್ತಾರೆ. ಅದು ಸ್ಕಾಟ್ಲೆಂಡಿನವರ ಗುಟ್ಟು, ನಮ್ಮ ಅಂಗಡಿಯಲ್ಲಿ ಸಿಗುವುದಲ್ಲ. ಮತ್ತೆ ಅವಳು ಅಷ್ಟು ಖುಷಿಪಟ್ಟ ಡಬ್ಬಿ ಆಟ ಇದೆಯಲ್ಲ, ಅದನ್ನೇ ತಿರುಗಿಸಿ ನೋಡಿ: ಬೆಳಿಗ್ಗೆ ಐದಕ್ಕೆ ಬಿಸಿ ಬೇಕು, ಉಪ್ಪು ಗಟ್ಟಿಯಾಗಲು ಒಪ್ಪುತ್ತಿಲ್ಲ. ಇಲ್ಲವೇ ಮುಚ್ಚಳಕ್ಕೆ ಒಂದು ಹರಳು ಅಂಟಿಕೊಂಡು ನಡುರಾತ್ರಿಯೇ ಎಲ್ಲ ಬಿಸಿ ಕೊಟ್ಟು ಮುಗಿಸಿದೆ.

ಇನ್ನೊಂದು ಆಸೆ ನನಗೇ ಇತ್ತು, ಹೇಳಿಬಿಡುತ್ತೇನೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಬೇಯಿಸಿದ ಅಡಿಕೆ ಬೂಸ್ಟು ಹಿಡಿದು ರೇಟು ಬೀಳುತ್ತದೆ, ಹಗಲಿನ ಬಿಸಿಲನ್ನು ಉಪ್ಪಿನಲ್ಲಿಟ್ಟು ರಾತ್ರಿ ಒಣಗಿಸಿದರೆ ಹೇಗೆ ಅಂತ. ಕೂತು ಲೆಕ್ಕ ಹಾಕಿದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ಒಂಬತ್ತು ಕಿಲೋ ಉಪ್ಪು! ಒಂದು ರಾತ್ರಿಗೆ ಅಡಿಕೆಯಿಂದ ಕ್ವಿಂಟಾಲ್ ನೀರು ತೆಗೆಯಬೇಕಾದರೆ ಒಂಬತ್ತು ಕ್ವಿಂಟಾಲ್ ಉಪ್ಪು, ಅದೂ ಒಂದು ಚೂರೂ ಸೋರದಿದ್ದರೆ. ಅಡಿಕೆಗಿಂತ ಉಪ್ಪಿನ ಗೋದಾಮೇ ದೊಡ್ಡದಾಗುತ್ತದೆ.

ಹೊಗೆಯ ಮಾತಿಗೆ ಬಂದರೆ ಅದಕ್ಕೆ ಉತ್ತರ ಹಳೆಯದು. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಮಾಡಿಕೊಟ್ಟರು, ಹೊಗೆ ಚಿಮಣಿಯಲ್ಲಿ ಹೋಗುವಂಥದ್ದು, ಸೌದೆಯೂ ಕಮ್ಮಿ. ಬಚ್ಚಲೊಲೆಗೂ ಒಂದು ಚಿಮಣಿ ಕಟ್ಟಿಸಿದರೆ ಆಯಿತು. ಅಡಿಕೆ ಸಿಪ್ಪೆ, ಸೋಗೆ ಹೇಗೂ ಇದೆ. ಹೌದು, ಬಿಟ್ಟಿ.

ಹಚ್ಚುವವರು ಯಾರು ಅಂತ ತಾನೇ ಪ್ರಶ್ನೆ? ಅಕ್ಕನ ಬರಹ ಓದಿದ ಮೇಲೆ ನಾನೇ ಹಚ್ಚುತ್ತಿದ್ದೇನೆ. ಮೊದಲ ದಿನ ಮುಕ್ಕಾಲು ಗಂಟೆ ಹಿಡಿಯಿತು, ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಹೀಗೆ ನಾಲ್ಕು ದಿನ ಆಯಿತು. ಇವತ್ತು ಮಾತ್ರ ಎಚ್ಚರ ಆಗಲಿಲ್ಲ.