ಜಪ್ಪುಲೆ ಅಂದರೆ ಜೆಪ್ಪು ಅಲ್ಲ

ಬಸ್ಸಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಜಾಸ್ತಿ. ಮೈಸೂರಿನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಮುಚ್ಚಿ ನಿಂತರೂ ಚಾಮುಂಡಿ ಬೆಟ್ಟದ ಬಸ್ಸು ಯಾವುದು ಅಂತ ಸದ್ದಿನಲ್ಲೇ ಹೇಳುತ್ತೇನೆ. ಹಾಗಾಗಿ ಮಂಗಳೂರು ನೋಡಲು ಹೊರಟಾಗ, "ಕ್ಯಾಬು ಗೀಬು ಏನೂ ಬೇಡ, ಊರೆಲ್ಲ ಬಸ್ಸಲ್ಲೇ ಸುತ್ತೋಣ" ಎಂದೆ. ಹೆಂಡತಿ ತಕ್ಷಣ ಒಪ್ಪಿದಳು. ಇಷ್ಟು ಬೇಗ ಯಾಕೆ ಒಪ್ಪಿದಳು ಅಂತ ನಾನು ಆಗಲೇ ಯೋಚಿಸಬೇಕಿತ್ತು.

ರಾತ್ರಿ ಕೆಂಪು ಬಸ್ಸು ಹತ್ತಿ, ಮಡಿಕೇರಿ ದಾಟಿ, ಸಂಪಾಜೆ ಘಾಟಿಯ ತಿರುವುಗಳಲ್ಲಿ ಪಕ್ಕದವರ ಹೆಗಲ ಮೇಲೆ ಮಲಗಿ, ಬೆಳಗಿನ ಜಾವ ಬಿಜೈಯ ಬಸ್ ನಿಲ್ದಾಣದಲ್ಲಿ ಇಳಿದೆವು. ಇಳಿದ ಕೂಡಲೇ ಬೆವರು. ಸೂರ್ಯ ಇನ್ನೂ ಎದ್ದಿರಲಿಲ್ಲ, ಸೆಖೆ ಮಾತ್ರ ಎದ್ದು ಸ್ನಾನ ಮುಗಿಸಿ ನಮಗಾಗಿ ಕಾಯುತ್ತಿತ್ತು. ನಮ್ಮ ಲಾಡ್ಜ್ ಇದ್ದದ್ದು ಹಂಪನಕಟ್ಟೆಯಲ್ಲಿ. ಹೊರಗೆ ರಸ್ತೆಗೆ ಬಂದು ನಿಂತೆವು.

ಒಂದು ಬಸ್ಸು ಬಂತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು "ಟೇಟ್ಬ್ಯಾಂಕ್ ಟೇಟ್ಬ್ಯಾಂಕ್ ಟೇಟ್ಬ್ಯಾಂಕ್" ಎಂದು ಕೂಗಿದರು. ಬಿಟ್ಟೆ. ಇನ್ನೊಂದು ಬಂತು. ಅದೂ ಟೇಟ್ಬ್ಯಾಂಕ್. ಬಿಟ್ಟೆ. ಮೂರನೆಯದೂ ಬ್ಯಾಂಕಿಗೇ. ಬ್ಯಾಂಕ್ ತೆರೆಯುವುದು ಹತ್ತು ಗಂಟೆಗೆ, ಆರೂವರೆಗೇ ಇಷ್ಟು ಜನ ಯಾಕೆ ಹೋಗುತ್ತಾರೆ? ದುಡ್ಡಿರುವ ಊರು, ಇರಬಹುದು ಅಂದುಕೊಂಡೆ.

ಚಹಾ ಅಂಗಡಿಯವರನ್ನು ಕೇಳಿದೆ. "ಹಂಪನಕಟ್ಟೆ ಬಸ್ಸು ಯಾವಾಗ ಬರುತ್ತೆ?"

"ಈಗ ಮೂರು ಹೋಯ್ತಲ್ಲ ಮಾರಾಯ್ರೆ!"

"ಅದು ಬ್ಯಾಂಕಿಗೆ ಹೋಗೋದಲ್ವಾ?"

ಅವರು ನನ್ನನ್ನು ಒಮ್ಮೆ ನೋಡಿದರು, ನನ್ನ ಬ್ಯಾಗನ್ನು ಒಮ್ಮೆ ನೋಡಿದರು. "ಸ್ಟೇಟ್ ಬ್ಯಾಂಕ್ ಅಂದ್ರೆ ಬಸ್ ಸ್ಟ್ಯಾಂಡ್. ಬ್ಯಾಂಕ್ ಸಹ ಉಂಟು. ಆದ್ರೆ ಬಸ್ ಸ್ಟ್ಯಾಂಡ್."

ಈ ಊರಿನ ಸಿಟಿ ಬಸ್ಸುಗಳೆಲ್ಲ ಕೊನೆಗೆ ಹೋಗಿ ಸೇರುವ ಜಾಗಕ್ಕೆ ಪಕ್ಕದ ಬ್ಯಾಂಕಿನ ಹೆಸರೇ ಗಟ್ಟಿಯಾಗಿದೆ. ನನಗೆ ತಮಾಷೆ ಎನಿಸಿದ್ದು ಬೇರೆ. ಕೆನರಾ ಬ್ಯಾಂಕ್ 1906ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ. ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ, ಅವೂ ಇಲ್ಲೇ. ಪಕ್ಕದ ಉಡುಪಿಯ ಲೆಕ್ಕ ಬೇರೆ. ಮನೆಯಲ್ಲೇ ಹೆತ್ತ ಇಷ್ಟು ಮಕ್ಕಳಿರುವಾಗ ಬಸ್ ಸ್ಟ್ಯಾಂಡಿಗೆ ಮಾತ್ರ ಹೊರಗಿನಿಂದ ಬಂದ ಅಳಿಯನ ಹೆಸರು!

ನಾಲ್ಕನೇ ಬಸ್ಸು ಹತ್ತಿದೆವು. ಮುಂದೆ ಹೆಂಗಸರ ಸೀಟು, ಹೆಂಡತಿ ಅಲ್ಲಿ ಕೂತಳು. ನಾನು ಹಿಂದೆ. ಕಂಡಕ್ಟರು ಅವಳ ಹತ್ತಿರ ಬಂದಾಗ ಅವಳು ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ಗತ್ತಿನಿಂದ ಹಿಡಿದಳು. ಈಗ ಗೊತ್ತಾಯಿತು, ಯಾಕೆ ತಕ್ಷಣ ಒಪ್ಪಿದ್ದು ಅಂತ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವಳು ಬಸ್ಸಿಗೆ ದುಡ್ಡು ಕೊಟ್ಟದ್ದನ್ನು ನಾನು ನೋಡಿಲ್ಲ. ಮೈಸೂರಿನಿಂದ ಇಲ್ಲಿಗೂ ಹಾಗೇ ಬಂದಿದ್ದಳು. ದಾರಿಯುದ್ದಕ್ಕೂ ನನ್ನ ಟಿಕೆಟಿನ ದುಡ್ಡನ್ನು ದಂಡ ಎನ್ನುವ ಹಾಗೆ ನೋಡಿದ್ದಳು.

ಕಂಡಕ್ಟರು ಕಾರ್ಡನ್ನು ಕೈಗೆ ತೆಗೆದುಕೊಂಡರು. ಫೋಟೋ ನೋಡಿದರು. ಅವಳನ್ನು ನೋಡಿದರು. "ಫೋಟೋ ಒಳ್ಳೇದು ಬಂದಿದೆ ಅಕ್ಕಾ. ಆದ್ರೆ ಇದು ಪ್ರೈವೇಟ್ ಬಸ್."

ಇಡೀ ಬಸ್ಸು ನಕ್ಕಿತು. ಕರಾವಳಿ ಹಿಂದಿನಿಂದಲೂ ಖಾಸಗಿ ಬಸ್ಸಿನ ಸೀಮೆ, ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಅವಳು ಚಿಲ್ಲರೆ ಹುಡುಕುತ್ತಾ ಹಿಂದೆ ತಿರುಗಿ ನನ್ನನ್ನು ನೋಡಿದ ನೋಟದಲ್ಲಿ ಕ್ಯಾಬಿನ ಖರ್ಚಿಗಿಂತ ಜಾಸ್ತಿ ಇತ್ತು.

ಅಷ್ಟರಲ್ಲಿ "ಲಾಲ್‌ಬಾಗ್ ಲಾಲ್‌ಬಾಗ್" ಎಂಬ ಕೂಗು. ನಾನು ಎದ್ದು ಕಿಟಕಿಯಲ್ಲಿ ಇಣುಕಿದೆ. ಗಾಜಿನ ಮನೆ ಇಲ್ಲ, ಬಂಡೆ ಇಲ್ಲ, ಬೆಳಗಿನ ವಾಕಿಂಗಿನವರೂ ಇಲ್ಲ. ಮಹಾನಗರ ಪಾಲಿಕೆ ಕಟ್ಟಡ ಇದೆ. ಪಕ್ಕದವರನ್ನು ಕೇಳಿದರೆ, "ಪಾರ್ಕ್ ಬೇಕಿದ್ರೆ ಕದ್ರಿಗೆ ಹೋಗಿ, ಇದು ಸುಮ್ನೆ ಲಾಲ್‌ಬಾಗ್" ಎಂದರು. ಸುಮ್ನೆ ಲಾಲ್‌ಬಾಗ್!

ನಿಜವಾದ ಎಡವಟ್ಟು ಆದದ್ದು ಮಧ್ಯಾಹ್ನ.

ಹೆಂಡತಿಯ ದೂರದ ಚಿಕ್ಕಮ್ಮನ ಮನೆ ಜೆಪ್ಪುವಿನಲ್ಲಿ. ಊಟಕ್ಕೆ ಕರೆದಿದ್ದರು. ಕೋರಿ ರೊಟ್ಟಿ ಮಾಡಿದ್ದೇನೆ, ಬೇಗ ಬನ್ನಿ ಎಂದು ಎರಡು ಸಲ ಫೋನ್ ಬೇರೆ. ಸ್ಟೇಟ್ ಬ್ಯಾಂಕಿನಲ್ಲಿ ನಾಲ್ಕು ಜನರನ್ನು ಕೇಳಿ ಸರಿಯಾದ ಬಸ್ಸನ್ನೇ ಹತ್ತಿದೆವು. ಯಥಾಪ್ರಕಾರ ಅವಳು ಮುಂದೆ, ನಾನು ಹಿಂದೆ. ಬಸ್ಸು ತುಂಬಿತ್ತು. ಡ್ರೈವರಿಗೆ ಹಿಂದಿನ ಬಸ್ಸಿನ ಭಯ. ಇಲ್ಲಿ ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಕೆಲವೇ ನಿಮಿಷ. ಒಂದು ನಿಮಿಷ ತಡವಾದರೆ ಹಿಂದಿನವನು ಬಂದು ಮುಂದಿನ ಸ್ಟಾಪಿನ ಜನರನ್ನೆಲ್ಲ ಗುಡಿಸಿಕೊಂಡು ಹೋಗುತ್ತಾನೆ. ಹಾಗಾಗಿ ಬಸ್ಸು ಓಡುವುದಿಲ್ಲ, ಹಾರುತ್ತದೆ. ಕಂಡಕ್ಟರು ಆ ಹಾರಾಟದ ನಡುವೆಯೂ ಬೆರಳ ಸಂದಿಯಲ್ಲಿ ನೋಟು ಮಡಚಿಕೊಂಡು, ಏನನ್ನೂ ಹಿಡಿಯದೆ, ತಂತಿಯ ಮೇಲೆ ನಡೆಯುವವರ ಹಾಗೆ ಓಡಾಡುತ್ತಾರೆ. ನಾನು ಎರಡೂ ಕೈಯಲ್ಲಿ ಸರಳು ಹಿಡಿದು ಜೋತಾಡುತ್ತಿದ್ದೆ.

ಪಾಂಡೇಶ್ವರ ಬಂತು. ನನಗೆ ಆಗ ಅದು ಪಾಂಡೇಶ್ವರ ಅಂತ ಗೊತ್ತಿಲ್ಲ. ಕಂಡಕ್ಟರು ನನ್ನ ಕಿವಿಯ ಹತ್ತಿರವೇ ಕೂಗಿದರು: "ಜಪ್ಪುಲೆ ಜಪ್ಪುಲೆ, ಬೇಗ ಜಪ್ಪುಲೆ!"

ಬಂತಲ್ಲ ಜೆಪ್ಪು! ನಾನು ಎರಡು ಜನರ ಕಾಲು ತುಳಿದು, ಒಂದು ಶಾಲೆಯ ಚೀಲದಿಂದ ಬಿಡಿಸಿಕೊಂಡು, ಕೆಳಗೆ ಹಾರಿದೆ. ಕಂಡಕ್ಟರು ಬಸ್ಸಿನ ಮೈಗೆ ಎರಡೇಟು ಬಡಿದು "ರೈಟ್ ಪೋಯಿ" ಎಂದರು. ಬಸ್ಸು ಹೋಯಿತು. ಹೆಂಡತಿಯೂ ಹೋದಳು.

ಫೋನ್ ಬಂತು. "ಎಲ್ಲಿದ್ದೀರ್ರೀ?"

"ಜೆಪ್ಪುವಿನಲ್ಲಿ. ನೀನ್ಯಾಕೆ ಇಳಿಯಲಿಲ್ಲ?"

"ಜೆಪ್ಪು ಇನ್ನೂ ಬಂದೇ ಇಲ್ವಂತೆ!"

"ಕಂಡಕ್ಟರೇ ಕೂಗಿದರು ಕಣೇ, ಜಪ್ಪುಲೆ ಅಂತ."

ಆ ಕಡೆಯಿಂದ ಮಾತಿಲ್ಲ. ಅವಳು ಪಕ್ಕದವರಿಗೆ ಏನೋ ಹೇಳಿದಳು. ಆಮೇಲೆ ಬಸ್ಸಿಗೆ ಬಸ್ಸೇ ನಗುವ ಸದ್ದು. ಒಂದೇ ದಿನ ಎರಡು ಬಸ್ಸು ನಗಿಸಿದ ದಂಪತಿ ನಾವು.

ಸ್ಟಾಪಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಮ್ಮ "ಓಡೆ ಪೋವೊಡು?" ಎಂದರು. ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. "ಎಲ್ಲಿಗೆ ಹೋಗ್ಲಿಕ್ಕೆ ನಿಮಗೆ?" ಕತೆಯೆಲ್ಲ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಜಪ್ಪುಲೆ ಅಂದ್ರೆ ತುಳುವಿನಲ್ಲಿ ಇಳೀರಿ ಅಂತ ಮಾರಾಯ್ರೆ! ಜೆಪ್ಪು ಊರು, ಜಪ್ಪು ಇಳಿಯೋದು." ಪಕ್ಕದಲ್ಲಿ ನಿಂತಿದ್ದ ಇಬ್ಬರಿಗೆ ಅದನ್ನೇ ತುಳುವಿನಲ್ಲಿ ಹೇಳಿದರು. ತುಳುವಿನಲ್ಲಿ ನನ್ನ ಕತೆ ಇನ್ನೂ ಚೆನ್ನಾಗಿರಬೇಕು, ಅವರು ಇನ್ನೂ ಜಾಸ್ತಿ ನಕ್ಕರು.

ಮೂರೇ ನಿಮಿಷಕ್ಕೆ ಮುಂದಿನ ಬಸ್ಸು ಬಂತು. ಅದನ್ನು ಮಾತ್ರ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಒಂದು ಬಸ್ಸು ತಪ್ಪಿದರೆ ಕತೆ ಪುಸ್ತಕ ಓದಿ ಮುಗಿಸಬಹುದು. ಇಲ್ಲಿ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಕೋರಿ ರೊಟ್ಟಿ ಬಿಸಿಯಾಗಿಯೇ ಸಿಕ್ಕಿತು, ಆದರೆ ನನಗಿಂತ ಮೊದಲೇ ನನ್ನ ಸುದ್ದಿ ಆ ಮನೆ ತಲುಪಿತ್ತು. ಚಿಕ್ಕಮ್ಮ ಬಾಗಿಲಲ್ಲೇ ನಿಂತು "ಜಪ್ಪಿದ್ರಾ?" ಎಂದರು.

ಮಾರನೆಯ ದಿನ ಕದ್ರಿಗೆ ಹೋಗಿ ಮಂಜುನಾಥನ ದರ್ಶನ ಮಾಡಿದೆವು. ಅಲ್ಲಿಯ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಕ್ರಿ.ಶ. 968ರ ಶಾಸನ ಇದೆ. ಸಾವಿರ ವರ್ಷದಿಂದ ಒಂದೇ ಕಡೆ ಕೂತಿರುವ ಅವನನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಬಸ್ಸು ಹತ್ತುವುದಿಲ್ಲ, ಇಳಿಯುವುದಿಲ್ಲ.

ವಾಪಸ್ ಬರುವಾಗ ಕಂಡಕ್ಟರು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಬನ್ಸೋಟೆಲ್ ಬನ್ಸೋಟೆಲ್." ಬನ್ಸ್ ಹೋಟೆಲ್! ಮಂಗಳೂರಿಗೆ ಬಂದು ಬನ್ಸ್ ತಿನ್ನದೆ ಹೋಗುವುದುಂಟಾ? ಬಾಳೆಹಣ್ಣು ಕಿವುಚಿ ಮೈದಾ, ಮೊಸರು, ಸಕ್ಕರೆ, ಜೀರಿಗೆ ಹಾಕಿ ಕಲಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಪೂರಿಯ ಹಾಗೆ ಕರಿಯುವ ಆ ದಪ್ಪ, ಕಂದು ಬನ್ಸ್. ಅದಕ್ಕೆಂದೇ ಒಂದು ಹೋಟೆಲು, ಆ ಹೋಟೆಲಿಗೆ ಒಂದು ಸ್ಟಾಪು. ಇದಲ್ಲವೇ ಊರು! ಹೆಂಡತಿಗೆ ಸನ್ನೆ ಮಾಡಿ ಇಳಿಸಿದೆ.

ಅದು ಬಂಟ್ಸ್ ಹಾಸ್ಟೆಲ್. ಬಂಟ ಸಮುದಾಯದವರ ವಿದ್ಯಾರ್ಥಿ ನಿಲಯ. ಅದರ ಮುಂದಿನ ಸ್ಟಾಪಿನ ಹೆಸರು ಜ್ಯೋತಿ, ಅಲ್ಲಿದ್ದ ಜ್ಯೋತಿ ಟಾಕೀಸು ಈಗಿಲ್ಲ. ಈ ಊರಲ್ಲಿ ಬಸ್ಸು ಹತ್ತುವವರು ಇರುವುದನ್ನೂ ಇಲ್ಲದ್ದನ್ನೂ ಬಾಯಿಪಾಠ ಮಾಡಿರಬೇಕು. ಹೆಂಡತಿ ಏನೂ ಅನ್ನಲಿಲ್ಲ. ಹುಡುಕಿಕೊಂಡು ಹೋಗಿ ಒಂದು ಗಲ್ಲಿಯ ಸಣ್ಣ ಹೋಟೆಲಿನಲ್ಲಿ ಬನ್ಸ್ ಪತ್ತೆ ಮಾಡಿದವಳೂ ಅವಳೇ. ಸಕ್ಕರೆ ಕಾಯಿಲೆಯ ಕಾರಣಕ್ಕೆ ನನಗೆ ಅಲ್ಲಿ ಸಿಕ್ಕಿದ್ದು ಅರ್ಧ. ಆರು ಪಾರ್ಸಲ್ ತೆಗೆದುಕೊಂಡಳು. ಎರಡು ಅತ್ತೆಗೆ, ಎರಡು ಮಗನಿಗೆ, ಎರಡು ಪಕ್ಕದ ಮನೆಗೆ. ನನ್ನ ಹೆಸರಿಗೆ ಸೊನ್ನೆ.

ಸ್ಟೇಟ್ ಬ್ಯಾಂಕಿಗೆ ಬಸ್ಸು ಹತ್ತಿದೆವು. ಅವಳು ಮುಂದೆ, ನಾನು ಹಿಂದೆ, ಬನ್ಸ್ ಚೀಲ ನನ್ನ ತೊಡೆಯ ಮೇಲೆ. ಆ ಹತ್ತು ನಿಮಿಷ ನಾನು ಬಹಳ ಸುಖವಾಗಿದ್ದೆ ಎಂದಷ್ಟೇ ಹೇಳುತ್ತೇನೆ. ಆ ಸುಖದಲ್ಲಿ, "ಜಪ್ಪುಲೆ" ಅಂದ ಕೂಡಲೇ ಈ ಸಲ ಸರಿಯಾಗಿ ಇಳಿದೆ ಎಂಬ ಹೆಮ್ಮೆಯಲ್ಲಿ, ಚೀಲವನ್ನು ಸೀಟಿನಲ್ಲೇ ಬಿಟ್ಟೆ.

ನೆನಪಾಗುವಷ್ಟರಲ್ಲಿ ಬಸ್ಸು ಇಲ್ಲ. ಅಲ್ಲಿ ಪುಸ್ತಕ ಹಿಡಿದು ಬಸ್ಸುಗಳ ಟೈಮ್ ಬರೆದುಕೊಳ್ಳುತ್ತಿದ್ದ ಒಬ್ಬರ ಹತ್ತಿರ ಓಡಿದೆ.

"ಬಸ್ಸಿನ ಹೆಸರು?"

"ಏನೋ ದೇವರ ಹೆಸರಿತ್ತು."

ಅವರು ಪೆನ್ನು ಕೆಳಗಿಟ್ಟರು. "ಎಲ್ಲ ಬಸ್ಸಿಗೂ ದೇವರದ್ದೇ ಹೆಸರಲ್ವಾ? ಯಾವ ದೇವರು ಹೇಳಿ."

"ದೇವಿ ಅನ್ನಿಸುತ್ತೆ."

"ಯಾವ ದೇವಿ?"

ಹೆಂಡತಿ ಮುಂದೆ ಬಂದು ಬಸ್ಸಿನ ಹೆಸರು, ನಂಬರು, ಡ್ರೈವರ್ ಹಿಂದೆ ನೇತುಹಾಕಿದ್ದ ಹೂವಿನ ಬಣ್ಣ ಎಲ್ಲ ಹೇಳಿದಳು. ಅವರು ಪುಸ್ತಕ ನೋಡಿ, "ಮೂರು ಹನ್ನೆರಡಕ್ಕೆ ವಾಪಸ್ ಬರ್ತದೆ. ಅಲ್ಲಿ ನೆರಳುಂಟು, ಕೂತ್ಕೊಳ್ಳಿ" ಎಂದರು. ಮೂರು ಕಾಲು ಅಂತ ಅಲ್ಲ, ಮೂರು ಹನ್ನೆರಡು.

ಮೂರು ಹನ್ನೆರಡಕ್ಕೆ ಬಸ್ಸು ಬಂತು. ಕಂಡಕ್ಟರು ಇಳಿಯುತ್ತಲೇ ಚೀಲ ಎತ್ತಿ ಹಿಡಿದರು. "ಅಕ್ಕಾ, ನಿಮ್ಮದಾ? ಎಣಿಸಿಕೊಳ್ಳಿ, ಆಮೇಲೆ ಮಾತು ಬೇಡ."

ಸುಮ್ನೆ ತೆಗೆದುಕೋ, ಏನು ಎಣಿಸೋದು ಅಂತ ನಾನು ಹೇಳುವಷ್ಟರಲ್ಲಿ ಅವಳು ಎಣಿಸಿ ಆಗಿತ್ತು. ನಾಲ್ಕು.

ಕಂಡಕ್ಟರ ಮುಖ ಬಾಡಿತು. "ದೇವರಾಣೆ ನಾವು ಮುಟ್ಟಲಿಲ್ಲ ಅಕ್ಕಾ."

ಹೆಂಡತಿ ಅವರ ಕಡೆ ನೋಡಲೇ ಇಲ್ಲ. ನನ್ನ ಅಂಗಿಯ ಮೇಲೆ ಅಂಟಿಕೊಂಡಿದ್ದ ಜೀರಿಗೆಯನ್ನು ನೋಡುತ್ತಿದ್ದಳು.