ನಾಮ ಹಾಕಿದವನನ್ನು ಯಾರೂ ಕೇಳೋದಿಲ್ಲ

ಗಂಗಾವತಿ ಹತ್ತಿರದ ನಮ್ಮೂರಿಂದ ಅಣ್ಣ ಫೋನ್ ಮಾಡಿದ್ದ. ವ್ಯಾಪಾರಿಯೊಬ್ಬ ಭತ್ತ ಎತ್ತಿಕೊಂಡು ಹೋದವನು ದುಡ್ಡು ಕೊಟ್ಟಿಲ್ಲ, ಫೋನೂ ಸ್ವಿಚ್ ಆಫ್. "ಟೊಪಿಗಿ ಹಾಕಿದ ನೋಡಪಾ. ಯಾರ ಮುಂದೂ ಹೇಳಬ್ಯಾಡ, ನಗ್ತಾರ" ಅಂದ. ದುಡ್ಡು ಹೋದದ್ದಕ್ಕಿಂತ ಆ ಕೊನೆಯ ಮಾತೇ ಜಾಸ್ತಿ ಚುಚ್ಚಿತು.

ಇಲ್ಲಿ ಪುಣೆಯಲ್ಲಿ ನಮ್ಮ ಸೊಸೈಟಿಯ ಹಿರಿಯರೊಬ್ಬರಿಗೂ ಹೀಗೇ ಆಯಿತು. ಅಡುಗೆಮನೆ ರಿಪೇರಿಗೆ ಬಂದವನು ಅಡ್ವಾನ್ಸ್ ತಗೊಂಡು ಪರಾರಿ. ಅವರು ಮೀಟಿಂಗ್‌ನಲ್ಲಿ ಎದ್ದು ನಿಂತು, "ಮಾಝೀ ಫಸವಣೂಕ್ ಝಾಲೀ", ಅಂದರೆ ನನಗೆ ಮೋಸ ಆಯಿತು, ಅಂತ ಮರಾಠಿಯಲ್ಲಿ ಹೇಳಿದರು. ಅವನ ಹೆಸರು, ನಂಬರು ಎಲ್ಲ ಓದಿದರು. ಒಬ್ಬರೂ ನಗಲಿಲ್ಲ. ಪಕ್ಕದವರು ನಂಬರು ಬರೆದುಕೊಂಡರು.

ನಮ್ಮಲ್ಲಿ ಮೋಸಕ್ಕೆ ಮಾತಿನ ಬರವೇ? ಟೋಪಿ ಹಾಕಿದ, ನಾಮ ಹಾಕಿದ, ಚಳ್ಳೆಹಣ್ಣು ತಿನ್ನಿಸಿದ. ಆದರೆ ಎಲ್ಲದರಲ್ಲೂ ಕಣ್ಣಿಗೆ ಬೀಳುವುದು ಮೋಸ ಹೋದವನ ತಲೆ, ಅವನ ಹಣೆ, ಅವನ ಬಾಯಿ. ಒಗ್ಗರಣಿ-ಮಿರ್ಚಿ ತಿನ್ನುತ್ತಾ ಹೋಟೆಲ್‌ನಲ್ಲಿ "ಹೆಂಗ ಹಾಕಿಸಿಕೊಂಡ್ಯೋ?" ಅಂತ ಕೇಳ್ತಾರೆ. "ಹಾಕಿದವ ಯಾರು?" ಅಂತ ಕೇಳಲ್ಲ. ಹಾಕಿದವನಿಗೆ "ಭಾರಿ ಶಾಣ್ಯಾ ಅದಾನ" ಅನ್ನೋ ಮೆಚ್ಚುಗೆ ಬೇರೆ! ಇವನು ನಾಚಿಕೊಂಡು ಬಾಯಿ ಮುಚ್ಚಿದರೆ, ಅವನು ಮುಂದಿನ ಸುಗ್ಗಿಗೆ ಪಕ್ಕದ ಊರಿನಲ್ಲಿ ಲಾರಿ ನಿಲ್ಲಿಸುತ್ತಾನೆ.

ಕಾನೂನು ಇದನ್ನು ನೇರವಾಗಿ ವಂಚನೆ ಅನ್ನುತ್ತದೆ. ಮೊದಲು ಐಪಿಸಿ 420ನೇ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318. ಕೊಡದಿರುವ ಉದ್ದೇಶದಿಂದಲೇ ನಂಬಿಸಿ ಮಾಲು ಎತ್ತಿದ್ದು ಸಾಬೀತಾದರೆ 7 ವರ್ಷದವರೆಗೆ ಜೈಲು. ತೂಕದ ಚೀಟಿ ಇದೆಯಲ್ಲ, ಠಾಣೆಗೆ ಹೋಗು ಅಂತ ಅಣ್ಣನಿಗೆ ಅಂದೆ. "ಸುಮ್ನಿರಪಾ, ಮರ್ಯಾದಿ ಹೊಕ್ಕತಿ" ಅಂದ. ಯಾರ ಮರ್ಯಾದೆ? ಬೆವರು ಸುರಿಸಿ ಬೆಳೆದವನದೇ?

ಪುಣೆಯ ಆ ಹಿರಿಯರಿಗೆ ದುಡ್ಡು ಇನ್ನೂ ಬಂದಿಲ್ಲ, ಅದನ್ನೂ ಹೇಳಬೇಕು. ನಮ್ಮೂರಲ್ಲಾದರೆ ನಾಲ್ಕು ಮಂದಿ ದೈವದವರು, ಅಂದರೆ ಊರ ಹಿರಿಯರು, ಕಟ್ಟೆ ಮೇಲೆ ಕೂತು, ವ್ಯಾಪಾರಿಯ ಬೀಗರನ್ನು ಕರೆಸಿ, ಅರ್ಧವಾದರೂ ಕೊಡಿಸುತ್ತಾರೆ. ಹಾಗೆ ಕೊಡಿಸಿದ್ದನ್ನು ನಾನೇ ನೋಡಿದ್ದೇನೆ. ಆ ಬಲ ಇಲ್ಲಿನ ಅಪಾರ್ಟ್‌ಮೆಂಟಿಗೆ ಇಲ್ಲ. ಆದರೆ ಕಟ್ಟೆಗೆ ಹೋಗಬೇಕಾದರೂ ಯಾರು, ಎಷ್ಟು ಚೀಲ ಅಂತ ನಾಲ್ಕು ಜನರ ಮುಂದೆ ಹೇಳಲೇಬೇಕು, ಅಲ್ವಾ?